ಜಂಬಿಟ್ಟಿಗೆ ಗೋಡೆಯ ಮನೆಗೆ ಮೆಶ್ ವೈಫೈ ಕೂರಿಸಿದ ಕೆಲಸದ ದಾಖಲೆ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಅಜ್ಜ ಕಟ್ಟಿಸಿದ ಮನೆ; ಹೊರಗೋಡೆಯಷ್ಟೇ ಅಲ್ಲ, ಒಳಗೋಡೆಯೂ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆಯದು. ಮೇಲೆ ಮಣ್ಣು ಮೆತ್ತಿದ ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ, ಅದಕ್ಕೂ ಮೇಲೆ ಮಂಗಳೂರು ಹೆಂಚು. ಎರಡು ವರ್ಷದ ಹಿಂದೆ 150 ಎಂಬಿಪಿಎಸ್‌ನ ಫೈಬರ್ ಸಂಪರ್ಕ ಬಂದಾಗ, ಲೈನ್ ಎಳೆಯಲು ಬಂದವರ ಕೇಬಲ್ ಎಲ್ಲಿಗೆ ಮುಗಿಯಿತೋ ಅಲ್ಲೇ, ಅಂದರೆ ಜಗಲಿಯ ಮೂಲೆಯಲ್ಲಿ ಕಬ್ಬಿಣದ ಬೀರುವಿನ ಪಕ್ಕಕ್ಕೆ, ಮೋಡೆಮ್ ಕೂತಿತು. ಜಗಲಿಯಲ್ಲಿ ಕೂತವರಿಗೆ ಪೂರ್ತಿ ವೇಗ ಸಿಗುತ್ತಿತ್ತು, ನಡುಮನೆಯಲ್ಲಿ ಪರವಾಗಿಲ್ಲ ಎನ್ನುವಷ್ಟು. ಅಡುಗೆಮನೆ, ಅದರ ಪಕ್ಕದ ನನ್ನ ಕೆಲಸದ ಕೋಣೆ ಮತ್ತು ಹಿಂದಿನ ಅಂಗಳದಾಚೆಗಿನ ಅಡಿಕೆ ಶೆಡ್ಡು, ಈ ಮೂರಕ್ಕೂ ಏನೂ ತಲುಪುತ್ತಿರಲಿಲ್ಲ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದರೆ, ಬಂದವರೆಲ್ಲ ಎದುರಿಗೇ ಕವಳದ ತಟ್ಟೆ ಎಳೆದುಕೊಂಡು ಕೂರುತ್ತಿದ್ದರು. ಮಾರ್ಚ್ ಮೊದಲ ವಾರದಲ್ಲಿ, ಮಳೆಗೆ ಮೊದಲು ಮುಗಿಸಿಬಿಡಬೇಕೆಂದು ಈ ಕೆಲಸಕ್ಕೆ ಕೈಹಾಕಿದೆ.

ಮೊದಲು ಮಾಡಿದ್ದು ತಪ್ಪು ಕೆಲಸ. ಅಳತೆ ಮಾಡದೆ ಎರಡು ಘಟಕಗಳ ಮೆಶ್ (ಹಲವು ವೈಫೈ ಡಬ್ಬಿಗಳು ಸೇರಿ ಒಂದೇ ಜಾಲವಾಗುವ ವ್ಯವಸ್ಥೆ) ಪೆಟ್ಟಿಗೆಯೊಂದನ್ನು ತರಿಸಿದೆ. ಮುಖ್ಯ ಘಟಕವನ್ನು ಮೋಡೆಮ್‌ಗೆ ಜೋಡಿಸಿ, ಎರಡನೆಯದನ್ನು ಎಲ್ಲಿ ಸಿಗ್ನಲ್ ಬೇಕೋ ಅಲ್ಲಿ, ಅಂದರೆ ಅಡುಗೆಮನೆಯ ಕಪಾಟಿನ ಮೇಲೆ ಇಟ್ಟೆ. ಫೋನಿನಲ್ಲಿ ವೈಫೈ ಗುರುತಿನ ಗೆರೆಗಳೆಲ್ಲ ತುಂಬಿ ನಿಂತವು, ಆದರೆ ವೇಗ ನೋಡಿದರೆ 7 ಎಂಬಿಪಿಎಸ್. "ಗೆರೆ ತುಂಬ ಇದೆಯಲ್ಲ, ಮತ್ತೆ ಯಾಕೆ ತಿರುಗ್ತಾ ಕೂತಿದೆ ಇದು?" ಎಂದು ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆಯಾಗಿತ್ತು. ಫೋನು ತೋರಿಸುವ ಗೆರೆ ಫೋನಿಗೂ ಪಕ್ಕದ ಡಬ್ಬಿಗೂ ನಡುವಿನ ಸಂಬಂಧದ್ದು ಮಾತ್ರ. ಆ ಡಬ್ಬಿಗೂ ಜಗಲಿಯ ಡಬ್ಬಿಗೂ ನಡುವೆ ಇರುವ ಎರಡು ಗೋಡೆಗಳ ಸುದ್ದಿಯನ್ನು ಅದು ಹೇಳುವುದೇ ಇಲ್ಲ. ಸಿಗ್ನಲ್ ಇಲ್ಲದ ಜಾಗದಲ್ಲಿ ಇಟ್ಟ ಘಟಕಕ್ಕೂ ಸಿಗ್ನಲ್ ಇರುವುದಿಲ್ಲ ಎಂಬುದು ಬರೆಯುವಾಗ ತೀರಾ ಸರಳವಾಗಿ ಕಾಣುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಮನೆಯ ಗೋಡೆಗಳನ್ನೇ ಬಿಡಿಸಿರುವುದಿಲ್ಲವಾದ್ದರಿಂದ ಅದು ನನಗೆ ಹೊಳೆಯಲಿಲ್ಲ.

ಆಮೇಲೆ ಕೂತು ಅಳತೆ ಮಾಡಿದೆ. ಫೋನಿನಲ್ಲಿ ಉಚಿತವಾಗಿ ಸಿಗುವ ವೈಫೈ ಅಳೆಯುವ ಆ್ಯಪ್ ಒಂದು ಸಾಕು. ಅದು ಸಿಗ್ನಲ್ಲನ್ನು ಡಿಬಿಎಂ ಎಂಬ ಋಣಸಂಖ್ಯೆಯಲ್ಲಿ ತೋರಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು, 3 ಇಳಿದರೆ ಶಕ್ತಿ ಅರ್ಧಕ್ಕಿಳಿದಂತೆ, 10 ಇಳಿದರೆ ಹತ್ತನೇ ಒಂದು ಪಾಲಾದಂತೆ. ಮೈನಸ್ 67ರವರೆಗೆ ವಿಡಿಯೊ ಕರೆ ನೆಮ್ಮದಿಯಾಗಿ ನಡೆಯುತ್ತದೆ, ಮೈನಸ್ 80 ದಾಟಿದರೆ ಸಂಪರ್ಕ ಇದೆ ಎಂದು ಹೆಸರಿಗೆ ಹೇಳಬಹುದು ಅಷ್ಟೆ. ನಮ್ಮ ಮೈಯೇ ಸಿಗ್ನಲ್ಲಿಗೆ ಅಡ್ಡ ಬರುವುದರಿಂದ ಪ್ರತಿ ಜಾಗದಲ್ಲೂ ನಾಲ್ಕು ದಿಕ್ಕಿಗೆ ತಿರುಗಿ ನಿಂತು ಸರಾಸರಿ ಬರೆದುಕೊಂಡೆ. ಜಗಲಿಗೂ ನಡುಮನೆಗೂ ನಡುವಿನ ಗೋಡೆಯ ಈಚೆ ನಿಂತಾಗ, ನಮ್ಮ ವೈಫೈ ಬಳಸುವ ಎರಡು ಬ್ಯಾಂಡುಗಳಲ್ಲಿ (ತರಂಗಪಟ್ಟಿಗಳಲ್ಲಿ) ಒಂದಾದ 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 45 ಇದ್ದದ್ದು, ಬಾಗಿಲು ಹಾಕಿ ಆಚೆ ನಿಂತಾಗ ಮೈನಸ್ 61 ಆಯಿತು. ಅಂದರೆ ಒಂದೇ ಗೋಡೆಗೆ 16 ಡಿಬಿ ಹೋಯಿತು, ಹೊರಟ ಶಕ್ತಿಯಲ್ಲಿ ಸುಮಾರು ನಲವತ್ತರಲ್ಲಿ ಒಂದು ಪಾಲು ಮಾತ್ರ ಆಚೆ ಬಂತು. ಅದೇ ಗೋಡೆ ಇನ್ನೊಂದು ಬ್ಯಾಂಡಾದ 2.4 ಗಿಗಾಹರ್ಟ್ಸ್‌ನಲ್ಲಿ ತಿಂದದ್ದು 9 ಡಿಬಿ. ತರಂಗದ ಉದ್ದ 2.4ರಲ್ಲಿ ಹನ್ನೆರಡೂವರೆ ಸೆಂಟಿಮೀಟರ್, 5ರಲ್ಲಿ ಅದರ ಅರ್ಧಕ್ಕೂ ಕಡಿಮೆ. ದಪ್ಪ ಗೋಡೆಯನ್ನು ದಾಟುವುದರಲ್ಲಿ ಉದ್ದನೆಯದೇ ಗಟ್ಟಿ. ಅಡುಗೆಮನೆಯಲ್ಲಿ 5 ಗಿಗಾಹರ್ಟ್ಸ್ ಮೈನಸ್ 82, 2.4 ಗಿಗಾಹರ್ಟ್ಸ್ ಮೈನಸ್ 70. ಬೀರುವಿನ ಪಕ್ಕದಿಂದ ಮುಖ್ಯ ಘಟಕವನ್ನು ನಾಲ್ಕಡಿ ಈಚೆಗೆ, ಬಾಗಿಲಿನ ನೇರಕ್ಕೆ ತಂದು ಆಳೆತ್ತರದಲ್ಲಿ ಗೂಡಿನೊಳಗೆ ಇಟ್ಟಾಗ ನಡುಮನೆಯಲ್ಲಿ 6 ಡಿಬಿ ಹೆಚ್ಚಿಗೆ ಸಿಕ್ಕಿತು. ಇದಕ್ಕೆ ಖರ್ಚಾದದ್ದು ಎರಡು ಮೊಳೆ.

ಎರಡನೆಯ ಘಟಕವನ್ನು ಅಡುಗೆಮನೆಯಿಂದ ತೆಗೆದು ನಡುಮನೆಯಲ್ಲಿ, ದೇವರ ಕೋಣೆಯ ಹೊರಗಿನ ಕಂಬಕ್ಕೆ ಕಟ್ಟಿದೆ. ಕೆಲಸದ ಕೋಣೆಯಲ್ಲಿ ವೇಗ 7ರಿಂದ 38ಕ್ಕೆ ಏರಿತು. ಇಷ್ಟಕ್ಕೇ ತೃಪ್ತಿಪಟ್ಟು ನಿಲ್ಲಿಸುವ ಮನೆಗಳು ಬಹಳ ಇರಬಹುದು, ಅದರಲ್ಲಿ ತಪ್ಪೂ ಇಲ್ಲ. ಆದರೆ 150 ಕೊಡುವ ಲೈನಿನಲ್ಲಿ 38 ಯಾಕೆ ಎಂಬುದಕ್ಕೆ ಕಾರಣ ತಿಳಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ನಾನು ತಂದದ್ದು ಎರಡು ಬ್ಯಾಂಡಿನ ಮೆಶ್. ಅದರಲ್ಲಿ ನಡುವಿನ ಘಟಕವು ಯಾವ ರೇಡಿಯೊದಲ್ಲಿ ಜಗಲಿಯ ಮಾತು ಕೇಳಿಸಿಕೊಳ್ಳುತ್ತದೋ ಅದೇ ರೇಡಿಯೊದಲ್ಲಿ ಫೋನಿಗೂ ಹೇಳಬೇಕು; ಒಂದೇ ಚಾನೆಲ್‌ನಲ್ಲಿ ಕೇಳುವುದು ಮತ್ತು ಹೇಳುವುದು ಏಕಕಾಲಕ್ಕೆ ಆಗದಾದ್ದರಿಂದ ಸಮಯ ಹಂಚಿಹೋಗಿ ವೇಗ ಸರಿಸುಮಾರು ಅರ್ಧವಾಗುತ್ತದೆ. ಮೂರು ಬ್ಯಾಂಡಿನ ಘಟಕಗಳಲ್ಲಿ ಪರಸ್ಪರ ಮಾತಿಗೆಂದೇ ಒಂದು ರೇಡಿಯೊ ಮೀಸಲಿಡಬಹುದು, ಆದರೆ ಅದೂ ಗೋಡೆಯನ್ನೇ ದಾಟಿ ಬರಬೇಕು. ನಮ್ಮ ಮನೆಗೆ ಬೇಕಾದದ್ದು ಇನ್ನೂ ದುಬಾರಿ ಡಬ್ಬಿಯಲ್ಲ, ಡಬ್ಬಿಗಳ ನಡುವೆ ಒಂದು ತಂತಿ.

ತಂತಿ ಎಂದ ಕೂಡಲೇ ಅಪ್ಪಯ್ಯ ಹೇಳಿದರು: "ಗೋಡೆಗೆ ತೂತು ಹೊಡೆಯೋ ವಿಚಾರ ಮಾತ್ರ ಬೇಡ ಮಾರಾಯ. ಜಂಬಿಟ್ಟಿಗೆ ಒಂದ್ಸಲ ಅದುರಿದ್ರೆ ಪುಡಿ ಉದುರೋದು ನಿಲ್ಲೋದಿಲ್ಲ." ಅವರ ಮಾತು ನಿಜ. ಹಾಗಾಗಿ ಹಳೆಯ ಕಿಂಡಿಗಳನ್ನೇ ಹುಡುಕಿದೆ. ಜಗಲಿಯಿಂದ ಅಟ್ಟಕ್ಕೆ ಏಣಿ ಹಾಕುವ ಬಾಯಿಯ ಪಕ್ಕದಲ್ಲಿ, ಯಾವುದೋ ಕಾಲದಲ್ಲಿ ದೀಪದ ವೈರು ಎಳೆಯಲು ಮುಚ್ಚಿಗೆಯಲ್ಲಿ ಕೊರೆದ ತೂತು ಇತ್ತು. ಅಡುಗೆಮನೆಯ ಕಡೆಗೆ ಹೊಗೆಕಿಂಡಿ ಇತ್ತು. ಇವೆರಡರ ನಡುವೆ ಅಟ್ಟದ ಮೇಲೆ 22 ಮೀಟರ್. ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ಲನ್ನು ನೂರು ಮೀಟರ್‌ವರೆಗೆ ಎಳೆಯಬಹುದಾದ್ದರಿಂದ ಉದ್ದದ ಚಿಂತೆ ಇರಲಿಲ್ಲ, ಚಿಂತೆ ಇದ್ದದ್ದು ಇಲಿಗಳದ್ದು. ಅಟ್ಟದಲ್ಲಿ ಇಟ್ಟ ಹಳೆಯ ಗೋಣಿಚೀಲಗಳ ಸ್ಥಿತಿ ನೋಡಿದ ಮೇಲೆ ಕೇಬಲ್ಲನ್ನು ಬರಿದಾಗಿ ಬಿಡುವ ಧೈರ್ಯ ಬರಲಿಲ್ಲ. ವೈರಿಂಗಿಗೆ ಬಳಸುವ 20 ಮಿಲಿಮೀಟರ್ ಪಿವಿಸಿ ಪೈಪಿನೊಳಗೆ ಉದ್ದಕ್ಕೂ ತೂರಿಸಿ, ಪೈಪಿನ ಎರಡೂ ತುದಿಗೆ ತೆಂಗಿನ ನಾರು ತುರುಕಿದೆ. ಕರೆಂಟಿನ ವೈರು ಹೋದ ತೊಲೆಯನ್ನು ಬಿಟ್ಟು ಒಂದಡಿ ದೂರದ ತೊಲೆಗೆ ಕ್ಲಾಂಪು ಹೊಡೆದು, ಎಲ್ಲಿ ಅದನ್ನು ದಾಟಲೇಬೇಕಿತ್ತೋ ಅಲ್ಲಿ ಅಡ್ಡಡ್ಡವಾಗಿ ದಾಟಿಸಿದೆ, ಜೊತೆಜೊತೆಗೆ ಎಲ್ಲೂ ಓಡಿಸಲಿಲ್ಲ.

ಕೇಬಲ್ ಕೊಳ್ಳುವಾಗ ಒಂದು ಎಚ್ಚರ ಬೇಕು. ಅರ್ಧ ಬೆಲೆಗೆ ಸಿಗುವ ಕ್ಯಾಟ್ 6 ಎಷ್ಟೋ ಸಲ ತಾಮ್ರದ್ದಾಗಿರುವುದಿಲ್ಲ, ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದಾಗಿರುತ್ತದೆ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಅಂಗಡಿಯವರು ಕೆರೆಯಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗುವುದು ಮೇಲು.

ಇನ್ನು ತುದಿಗೆ ಕನೆಕ್ಟರ್ ಹಾಕುವ ಕೆಲಸ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎಂಟು ಎಳೆಗಳನ್ನು ಸಾಲಾಗಿ ಹಿಡಿದು, ಒಂದೇ ಮಟ್ಟಕ್ಕೆ ಕತ್ತರಿಸಿ, ಕನೆಕ್ಟರಿನೊಳಗೆ ತಳ್ಳಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತುವುದು. ಅಟ್ಟದ ಸೆಕೆಯಲ್ಲಿ, ಹೊಗೆಯ ಮಸಿ ಹತ್ತಿದ ಬೆರಳಿನಲ್ಲಿ ಬಿಳಿ-ಕಂದು ಯಾವುದು, ಬಿಳಿ-ಕಿತ್ತಳೆ ಯಾವುದು ಎಂದು ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಾ ಮೂರು ಕನೆಕ್ಟರು ಹಾಳುಮಾಡಿ ನಾಲ್ಕನೆಯದನ್ನು ಒತ್ತಿದೆ. ಕೆಳಗಿಳಿದು ಜೋಡಿಸಿದಾಗ ಹಸಿರು ದೀಪ ಹೊತ್ತಿತು. ಕೆಲಸದ ಕೋಣೆಗೆ ವರ್ಗಾಯಿಸಿದ ಘಟಕದ ಪಕ್ಕ ಕೂತು ವೇಗ ನೋಡಿದೆ: 94. ಸಂತೋಷವಾಯಿತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ: 94. ರಾತ್ರಿ ನೋಡಿದೆ: 94.

ಇಂಟರ್ನೆಟ್ಟಿನ ವೇಗ ಅಷ್ಟು ನಿಯತ್ತಾಗಿ ಒಂದೇ ಅಂಕಿಯಲ್ಲಿ ನಿಲ್ಲುವುದು ಒಳ್ಳೆಯ ಲಕ್ಷಣವಲ್ಲ. ಸಾವಿರ ಎಂಬಿಪಿಎಸ್‌ನ ಸಂಪರ್ಕಕ್ಕೆ ಕೇಬಲಿನ ನಾಲ್ಕೂ ಜೋಡಿಗಳು ಬೇಕು. ನೂರರ ಸಂಪರ್ಕಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿಗಳೆರಡೇ ಸಾಕು. ನೀಲಿಯೋ ಕಂದೋ ಕೈಕೊಟ್ಟರೆ ಎರಡೂ ಕಡೆಯ ಉಪಕರಣಗಳು ಸದ್ದಿಲ್ಲದೆ ನೂರಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ, ದೀಪವೂ ಹೊತ್ತಿಯೇ ಇರುತ್ತದೆ. ನೂರರ ಸಂಪರ್ಕದಲ್ಲಿ, ಮಾಹಿತಿಯ ಜೊತೆಗೆ ಹೋಗುವ ವಿಳಾಸ ಮುಂತಾದ ಓವರ್‌ಹೆಡ್ ಕಳೆದು ಬಳಕೆಗೆ ಉಳಿಯುವುದು 94ರ ಆಸುಪಾಸು. ಅದಕ್ಕೇ ಆ ಅಂಕಿ. ಕೇಬಲ್ ಟೆಸ್ಟರ್ ತಂದು ಸಿಕ್ಕಿಸಿದಾಗ ಒಂದರಿಂದ ಎಂಟರವರೆಗೆ ಸಾಲಾಗಿ ಹೊತ್ತಬೇಕಾದ ದೀಪಗಳಲ್ಲಿ ಏಳನೆಯದು ಹೊತ್ತಲಿಲ್ಲ. ಭೂತಕನ್ನಡಿಯಲ್ಲಿ ಕನೆಕ್ಟರಿನ ತುದಿ ನೋಡಿದೆ: ಬಿಳಿ-ಕಂದು ಎಳೆ ಉಳಿದವಕ್ಕಿಂತ ಒಂದು ಅಕ್ಕಿಕಾಳಿನಷ್ಟು ಗಿಡ್ಡವಿತ್ತು, ಪಿನ್ನಿನ ಹಲ್ಲು ಅದನ್ನು ಮುಟ್ಟಿಯೇ ಇರಲಿಲ್ಲ. ಐದನೆಯ ಕನೆಕ್ಟರನ್ನು ಅಟ್ಟದಲ್ಲಲ್ಲ, ಕೇಬಲಿನ ತುದಿಯನ್ನು ಹೊಗೆಕಿಂಡಿಯಿಂದ ಕೆಳಗಿಳಿಸಿಕೊಂಡು, ಕೈ ತೊಳೆದು, ಊಟದ ಮೇಜಿನ ಮೇಲೆ ಹಾಕಿದೆ. ವೇಗ 147ಕ್ಕೆ ಬಂತು.

ಈ ನಡುವೆ ಬಂದ ಒಂದು ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. ಮೆಶ್‌ನ ಮುಖ್ಯ ಘಟಕ ಪೆಟ್ಟಿಗೆಯಿಂದ ಬರುವಾಗ ರೂಟರ್ (ಮನೆಯ ಉಪಕರಣಗಳಿಗೆ ವಿಳಾಸ ಹಂಚಿ ಜಾಲ ನಡೆಸುವ ಯಂತ್ರ) ಆಗಿ ಕೆಲಸ ಮಾಡುವಂತೆ ಹೊಂದಿಸಲ್ಪಟ್ಟಿರುತ್ತದೆ. ಫೈಬರ್ ಮೋಡೆಮ್ ಕೂಡ ರೂಟರೇ ಆಗಿರುವುದರಿಂದ ಒಂದರ ಹಿಂದೆ ಒಂದು ಎರಡು ಜಾಲಗಳು ಹುಟ್ಟಿಕೊಂಡು, ಮೋಡೆಮ್‌ಗೆ ಜೋಡಿಸಿದ್ದ ಪ್ರಿಂಟರು ಮೆಶ್‌ನಲ್ಲಿದ್ದ ಲ್ಯಾಪ್‌ಟಾಪಿಗೆ ಕಾಣದಾಯಿತು. ಪರಿಹಾರ ಎರಡು: ಸೇವೆ ಕೊಡುವವರಿಗೆ ಹೇಳಿ ಮೋಡೆಮ್ಮನ್ನು ರೂಟರ್ ಕೆಲಸ ಬಿಟ್ಟು ಸಂಪರ್ಕ ದಾಟಿಸುವುದಷ್ಟೇ ಮಾಡುವ ಬ್ರಿಡ್ಜ್ ಸ್ಥಿತಿಗೆ ತರಿಸಿ ಲಾಗಿನ್ ವಿವರಗಳನ್ನು ಮೆಶ್‌ನಲ್ಲಿ ತುಂಬುವುದು, ಇಲ್ಲವೇ ಮೆಶ್ಶನ್ನೇ ವೈಫೈ ಹರಡುವುದಷ್ಟೇ ಮಾಡುವ ಆ್ಯಕ್ಸೆಸ್ ಪಾಯಿಂಟ್ ಸ್ಥಿತಿಗೆ ಇಳಿಸುವುದು. ಮೊದಲನೆಯದಕ್ಕೆ ನಾಲ್ಕು ಸಲ ಫೋನ್ ಮಾಡಿ ನಾಲ್ಕು ಬಗೆಯ ಉತ್ತರ ಪಡೆದ ಮೇಲೆ ಎರಡನೆಯದನ್ನು ಆರಿಸಿಕೊಂಡೆ. ಮಕ್ಕಳ ಬಳಕೆಗೆ ಮಿತಿ ಹಾಕುವಂಥ ಕೆಲವು ಸೌಲಭ್ಯಗಳು ಇದರಿಂದ ಹೋದವು, ಆದರೆ ವಿಳಾಸ ಹಂಚುವ ಕೆಲಸ ಮೋಡೆಮ್ ಒಂದರ ಕೈಗೆ ಬಂದು ಗೊಂದಲ ನಿಂತಿತು. ಮೋಡೆಮ್‌ನ ಸ್ವಂತ ವೈಫೈಯನ್ನು ಆಗಲೇ ಆಫ್ ಮಾಡಿಬಿಟ್ಟೆ.

ಏಪ್ರಿಲ್‌ನಲ್ಲಿ ಶೆಡ್ಡಿನ ಕೆಲಸ. ಸುಲಿದು ಬೇಯಿಸಿ ಒಣಗಿಸಿದ ಅಡಿಕೆಯನ್ನು ಮಾರುವವರೆಗೆ ಇಡುವುದು ಅಲ್ಲೇ ಆದ್ದರಿಂದ ಅಪ್ಪಯ್ಯನಿಗೆ ಅಲ್ಲೊಂದು ಕ್ಯಾಮೆರಾ ಬೇಕಿತ್ತು. ಮನೆಯ ಹಿಂದಿನ ಗೋಡೆಯಿಂದ ಶೆಡ್ಡಿಗೆ ಸುಮಾರು 65 ಮೀಟರ್. ಶೆಡ್ಡಿನ ಮಾಡು ಮತ್ತು ಮೂರು ಬದಿ ತಗಡಿನದು; ಲೋಹ ಸಿಗ್ನಲ್ಲನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಹೊರಗಿನಿಂದ ವೈಫೈ ತೂರಿಸುವ ಆಸೆಯನ್ನೇ ಬಿಟ್ಟು ಒಳಗೊಂದು ಮೂರನೆಯ ಘಟಕ ಇಡುವುದೆಂದು ತೀರ್ಮಾನಿಸಿದೆ. ಅಲ್ಲಿಗೂ ಕ್ಯಾಟ್ 6 ಎಳೆಯಬಹುದಿತ್ತು, ಉದ್ದ ಸಾಕಾಗುತ್ತಿತ್ತು. ಎಳೆಯಲಿಲ್ಲ. ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ತಂತಿಯಲ್ಲಿ ಹತ್ತಿರದ ಸಿಡಿಲೊಂದು ನೇರ ಬಡಿಯದೆಯೂ ಉಪಕರಣ ಸುಡುವಷ್ಟು ವೋಲ್ಟೇಜು ಹುಟ್ಟಿಸಬಲ್ಲದು. ಹಿಂದೊಮ್ಮೆ ಪಂಪುಸೆಟ್ಟಿನ ಸ್ಟಾರ್ಟರಿಗೆಂದು ಎಳೆದ ತೆಳು ವೈರಿನ ಕಥೆ ಹಾಗೆಯೇ ಮುಗಿದಿತ್ತು. ಆದ್ದರಿಂದ ಇಲ್ಲಿಗೆ ಗಾಜಿನ ಎಳೆಯೇ ಸರಿ ಎಂದುಕೊಂಡೆ.

ಫೈಬರ್ ಎಂದರೆ ದೊಡ್ಡವರ ಕೆಲಸ ಎಂಬ ಭಯ ನನಗೂ ಇತ್ತು. ನಿಜಕ್ಕೂ ಬೇಕಾದದ್ದು ಇಷ್ಟು: ಮನೆಗಳಿಗೆ ಎಳೆಯುವ ತೆಳು ಫೈಬರ್ ಕೇಬಲ್ (ಸಿಂಗಲ್ ಮೋಡ್ ಡ್ರಾಪ್ ಕೇಬಲ್), ಮತ್ತು ತಂತಿಯ ಸಿಗ್ನಲ್ಲನ್ನು ಬೆಳಕಾಗಿಯೂ ಬೆಳಕನ್ನು ಮತ್ತೆ ಸಿಗ್ನಲ್ಲಾಗಿಯೂ ಬದಲಿಸುವ, ಮೀಡಿಯಾ ಕನ್ವರ್ಟರ್ ಎಂಬ ಅಂಗೈಯಗಲದ ಎರಡು ಪೆಟ್ಟಿಗೆಗಳು. ಒಂದೇ ಎಳೆಯಲ್ಲಿ ಹೋಗುವುದೂ ಬರುವುದೂ ಆಗಬೇಕಾದ್ದರಿಂದ ಕನ್ವರ್ಟರುಗಳನ್ನು ಜೋಡಿಯಾಗಿಯೇ ಕೊಳ್ಳಬೇಕು. ಒಂದು 1310 ನ್ಯಾನೊಮೀಟರ್ ಬೆಳಕು ಬಿಟ್ಟು 1550 ಕೇಳಿಸಿಕೊಂಡರೆ ಇನ್ನೊಂದು ಅದರ ಉಲ್ಟಾ. ಒಂದೇ ಬಗೆಯ ಎರಡನ್ನು ತಂದರೆ ಇಬ್ಬರೂ ಮಾತಾಡುತ್ತಾರೆ, ಯಾರಿಗೂ ಕೇಳುವುದಿಲ್ಲ. ಡ್ರಾಪ್ ಕೇಬಲಿನಲ್ಲಿ ತೂಗುಹಾಕಲು ಅನುಕೂಲವಾಗಲೆಂದು ಉಕ್ಕಿನ ತಂತಿ ಸೇರಿಸಿದ ಬಗೆಯೊಂದಿದೆ. ಸಿಡಿಲಿಗೆ ಹೆದರಿ ಗಾಜು ಎಳೆದು, ಅದರ ಜೊತೆಗೆ ಉಕ್ಕನ್ನೂ ಎಳೆದರೆ ಮಾಡಿದ ಕೆಲಸಕ್ಕೆ ಅರ್ಥವಿಲ್ಲ. ಲೋಹವೇ ಇಲ್ಲದ, ಫೈಬರ್‌ಗ್ಲಾಸ್ ಕಡ್ಡಿಯ ಬಲವಿರುವ ಕೇಬಲ್ಲನ್ನು ಕೇಳಿ ತರಿಸಿದೆ.

ಮರದಿಂದ ಮರಕ್ಕೆ ತೂಗುಹಾಕಿದರೆ ಮಂಗಗಳು ಅದರಲ್ಲಿ ಜೋತಾಡುವುದು ಖಂಡಿತ. ತೋಟದ ಸ್ಪ್ರಿಂಕ್ಲರಿಗೆಂದು ತಂದು ಉಳಿದಿದ್ದ ಅರ್ಧ ಇಂಚಿನ ಕಪ್ಪು ಪೈಪಿನ ಸುರುಳಿ ಕೊಟ್ಟಿಗೆಯ ಅಟ್ಟದಲ್ಲಿತ್ತು. ಅಂಗಳದ ಅಂಚಿನಲ್ಲಿ, ಬಸಿಗಾಲುವೆಯಿಂದ ಎರಡಡಿ ಈಚೆಗೆ, ಒಂದೂವರೆ ಅಡಿ ಆಳದ ಚರಂಡಿ ತೋಡಿಸಿ ಪೈಪನ್ನು ಹೂಳಿದೆವು. ಹೂಳುವ ಮೊದಲೇ ಒಳಗೆ ನೈಲಾನ್ ದಾರ ತೂರಿಸಿಕೊಳ್ಳಬೇಕು. ದಾರದ ತುದಿಗೆ ಪ್ಲಾಸ್ಟಿಕ್ ಚೀಲದ ಚೂರನ್ನು ಗಂಟುಹಾಕಿ ಪೈಪಿನ ಒಂದು ಬಾಯಿಗೆ ಬಿಟ್ಟು, ಇನ್ನೊಂದು ಬಾಯಿಗೆ ಮನೆ ಗುಡಿಸುವ ವ್ಯಾಕ್ಯೂಮ್ ಯಂತ್ರವನ್ನು ಹಿಡಿದರೆ, ಕೈಯಲ್ಲಿ ಹಿಡಿದ ದಾರದ ಉಂಡೆ ಗಾಳಿಪಟದ ಉಂಡೆಯಂತೆ ಸರಸರನೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಆಚೆ ತುದಿಯಲ್ಲಿ ದಾರ ಕಂಡಾಗ ತೋಟದ ಕೆಲಸಕ್ಕೆ ಬಂದಿದ್ದವರೆಲ್ಲ ಸೌಟು ಬಿಟ್ಟು ಬಂದ ಮದುವೆಮನೆಯವರಂತೆ ಸೇರಿಬಿಟ್ಟಿದ್ದರು. ಆ ದಾರಕ್ಕೆ ಕೇಬಲ್ ಕಟ್ಟಿ ನಿಧಾನವಾಗಿ ಎಳೆದೆವು. ಗಾಜಿನ ಎಳೆಯನ್ನು ಜಗ್ಗಬಾರದು, ಬಳೆಗಿಂತ ಸಣ್ಣ ಸುತ್ತಿಗೆ ಬಗ್ಗಿಸಲೂ ಬಾರದು. ಎರಡೂ ತುದಿಗೆ ಕನೆಕ್ಟರ್ ಬೆಸೆಯಲು ಮಾತ್ರ ಫೈಬರ್ ಕೆಲಸದ ಹುಡುಗನನ್ನು ಅವನ ಬೆಸುಗೆ ಯಂತ್ರದ ಸಮೇತ ಕರೆಸಿದೆ. ಅರ್ಧ ಗಂಟೆಯಲ್ಲಿ ಮುಗಿಸಿ, ಒಂದು ಲೋಟ ಮಜ್ಜಿಗೆ ಕುಡಿದು, ಎರಡು ಜೋಡಣೆಗೆ ಆಗುವಷ್ಟು ದುಡ್ಡು ತೆಗೆದುಕೊಂಡು ಹೋದ. ಪೈಪಿನ ಬಾಯಿಗಳನ್ನು ನೀರು ಇಳಿಯದಂತೆ ಕೆಳಮುಖ ಮಾಡಿ ಸಿಲಿಕೋನಿನಿಂದ ಮುಚ್ಚಿದೆ.

ಕ್ಯಾಮೆರಾ ಸೇರಿಸುವಾಗ ಒಂದು ಗಂಟೆ ವ್ಯರ್ಥವಾಯಿತು. ಅದು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು. ಮೆಶ್‌ನಲ್ಲಿ ಎರಡೂ ಬ್ಯಾಂಡಿಗೆ ಒಂದೇ ಹೆಸರಿರುವುದರಿಂದ ಫೋನು 5ರಲ್ಲಿ ನಿಂತು ಕ್ಯಾಮೆರಾವನ್ನು ಹುಡುಕುತ್ತಲೇ ಇತ್ತು. 2.4ಕ್ಕೆ ಮಾತ್ರ ಬೇರೆ ಹೆಸರಿನ ಅತಿಥಿ ಜಾಲವೊಂದನ್ನು ತೆರೆದು ಕ್ಯಾಮೆರಾವನ್ನು ಅದರಲ್ಲಿ ಕೂರಿಸಿದೆ. ಫೋನು ಒಂದು ಘಟಕದಿಂದ ಇನ್ನೊಂದಕ್ಕೆ ದಾಟುವ ವಿಚಾರದಲ್ಲೂ ಸ್ವಲ್ಪ ತಿದ್ದುಪಡಿ ಬೇಕಾಯಿತು. ಯಾವಾಗ ದಾಟಬೇಕೆಂಬುದನ್ನು ತೀರ್ಮಾನಿಸುವುದು ಮೆಶ್ ಅಲ್ಲ, ಫೋನೇ, 802.11ಕೆ ಮತ್ತು 802.11ವಿ ಎಂಬ ಏರ್ಪಾಡುಗಳು ಅದಕ್ಕೆ ಸಲಹೆ ಕೊಡುತ್ತವೆ ಅಷ್ಟೆ. ಅಮ್ಮನ ಫೋನು ಅಡುಗೆಮನೆಗೆ ಹೋದ ಮೇಲೂ ಜಗಲಿಯ ಘಟಕವನ್ನೇ ತಬ್ಬಿಕೊಂಡಿರುತ್ತಿತ್ತು. ಜಗಲಿಯ ಘಟಕದ ಪ್ರಸಾರ ಶಕ್ತಿಯನ್ನು ಮಧ್ಯಮಕ್ಕೆ ಇಳಿಸಿದ ಮೇಲೆ ಬಿಟ್ಟುಕೊಟ್ಟಿತು. ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ಒಂದೇ ರೂಟರಿನ ಕಾಲದ ಬುದ್ಧಿ. ವೇಗವಾಗಿ ದಾಟಿಸುವ 802.11ಆರ್ ಎಂಬುದನ್ನೂ ಹಾಕಿ ನೋಡಿದೆ. ಅಪ್ಪಯ್ಯನ ಹಳೆಯ ಫೋನು ಸಂಪರ್ಕಕ್ಕೇ ಬರಲು ನಿರಾಕರಿಸಿತು, ತೆಗೆದುಹಾಕಿದೆ.

ಕರೆಂಟು ಹೋದಾಗಿನ ವ್ಯವಸ್ಥೆ ಇಲ್ಲದಿದ್ದರೆ ಮಲೆನಾಡಿನಲ್ಲಿ ಇದೆಲ್ಲ ಮೂರು ತಿಂಗಳ ಒಡವೆ. ಮೋಡೆಮ್ ಮತ್ತು ಮುಖ್ಯ ಘಟಕ ಎರಡೂ 12 ವೋಲ್ಟಿನವಾದ್ದರಿಂದ ಎರಡು ಹೊರದಾರಿಯ ಒಂದು ಪುಟ್ಟ ಯುಪಿಎಸ್ ಸಾಕಾಯಿತು; ಕೆಲಸದ ಕೋಣೆಯ ಘಟಕ ಇನ್ವರ್ಟರಿನ ಲೈನಿನಲ್ಲಿದೆ. ಪಿನ್ನು ಹೊಂದಿತೆಂದು 12 ವೋಲ್ಟನ್ನು 5 ವೋಲ್ಟಿನ ಕನ್ವರ್ಟರಿಗೆ ಚುಚ್ಚದಂತೆ ಎಲ್ಲ ಅಡಾಪ್ಟರುಗಳಿಗೂ ಬಣ್ಣದ ಟೇಪು ಸುತ್ತಿದ್ದೇನೆ. ಇದು ಮುಂಜಾಗ್ರತೆಯಲ್ಲ, ಒಂದು ಕನ್ವರ್ಟರ್ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ.

ಜುಲೈನಲ್ಲಿ, ಮಳೆ ಹಿಡಿದು ಹದಿನೈದು ದಿನವಾದ ಮೇಲೆ, ಮಾರ್ಚ್‌ನ ಅದೇ ಪುಸ್ತಕ ಹಿಡಿದು ಅವೇ ಜಾಗಗಳಲ್ಲಿ ನಿಂತು ಮತ್ತೆ ಅಳೆದೆ. ಒಳಗೋಡೆಗಳಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಪಡುವಣ ಹೊರಗೋಡೆಯ ಆಚೆ, ಇರಚಲು ತಡೆಯಲು ಕಟ್ಟಿದ ಸೋಗೆ ತಟ್ಟಿಯ ಹೊರಗೆ ನಿಂತಾಗ ಮಾತ್ರ 5 ಗಿಗಾಹರ್ಟ್ಸ್ ಮಾರ್ಚ್‌ಗಿಂತ 7 ಡಿಬಿ ಕಡಿಮೆ ಬಂತು. ಜಂಬಿಟ್ಟಿಗೆ ಸಣ್ಣ ಸಣ್ಣ ತೂತುಗಳ ಕಲ್ಲಾದ್ದರಿಂದ ನೀರು ಕುಡಿದು ಕೂತಿತ್ತು, ಎದುರಿಗೆ ನೆನೆದ ಸೋಗೆ ಬೇರೆ. ಘಟಕಗಳ ನಡುವೆ ತಂತಿಯೂ ಗಾಜೂ ಇರುವುದರಿಂದ ಮನೆಯೊಳಗಿನ ವೇಗಕ್ಕೆ ಇದರ ಸೋಂಕು ತಟ್ಟಲಿಲ್ಲ. ಮೇ ತಿಂಗಳ ಕೊನೆಯ ಒಂದು ಸಂಜೆ ಬಡಿದ ಸಿಡಿಲಿಗೆ ಶೆಡ್ಡಿನ ಬಲ್ಬು ಮತ್ತು ಕ್ಯಾಮೆರಾದ ಅಡಾಪ್ಟರ್ ಹೋದವು. ಅದು ಕರೆಂಟಿನ ಲೈನಿನಲ್ಲಿ ಬಂದದ್ದು; ಕನ್ವರ್ಟರುಗಳೂ, ನೆಟ್‌ವರ್ಕ್ ಕೇಬಲ್‌ಗಳು ಸೇರುವ ಮನೆಯೊಳಗಿನ ಸ್ವಿಚ್ ಪೆಟ್ಟಿಗೆಯೂ ಉಳಿದವು. ಈಗ ಶೆಡ್ಡಿನ ಬೋರ್ಡಿಗೆ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆಯುವ ಸಾಧನ ಹಾಕಿಸಲು ಹೇಳಿದ್ದೇನೆ, ಅದಕ್ಕೆ ಬೇಕಾದ ಅರ್ಥಿಂಗ್ ಗುಂಡಿಯನ್ನು ಮಳೆ ನಿಂತ ಮೇಲೆ ತೆಗೆಯಬೇಕು. ಅಲ್ಲಿಯವರೆಗೆ ಗುಡುಗು ಶುರುವಾದರೆ ಶೆಡ್ಡಿಗೆ ಓಡಿ ಪ್ಲಗ್ಗು ಕೀಳುವ ಕೆಲಸ ನನ್ನದೇ.